ಮಹಾಲಿಂಗಪ್ಪನವರ ಬಲಗಾಲು

ನಮ್ಮ ಬೀದಿಯಲ್ಲಿ ಈಗ ಯಾರ ಮನೆಗೂ ಒಂದೇ ಸೂರು ಸಾಲುತ್ತಿಲ್ಲ. ಸೂರಿನ ಕೆಳಗೆ ಇನ್ನೊಂದು ಸೂರು ಬೇಕು, ಅದರೊಳಗೆ ಬಣ್ಣದ ದೀಪ ಬೇಕು. ಹೋದ ವಾರ ಎದುರುಮನೆಯವರು ಆ ಪುಣ್ಯಕಾರ್ಯಕ್ಕೆ ಕೈಹಾಕಿದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದೆ. ಹಸಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿಯಿತು. ಮಳೆಗೆ ನೆಂದ ಸೀಮೆಸುಣ್ಣದ ಡಬ್ಬಿಯ ವಾಸನೆ ಅದು. ಜೀವಮಾನವಿಡೀ ಸೀಮೆಸುಣ್ಣದ ಪುಡಿ ಕುಡಿದ ನನ್ನಂಥವನಿಗೆ ಅದರಿಂದ ಕಾಲೇಜು ನೆನಪಾಗಬೇಕು. ನನಗೆ ಮಾತ್ರ ತೊಡೆಯ ಮೇಲೆ ಭಾರ ಬಂತು, ಯಾರೋ ತಮ್ಮ ಕಾಲನ್ನು ತಂದು ನನ್ನ ತೊಡೆಯ ಮೇಲಿಟ್ಟ ಹಾಗೆ. ಕಾಫಿ ಚೆಲ್ಲಿತು.

"ಏನಾಯ್ತ್ರೀ?" ಒಳಗಿಂದ ಮನೆಯಾಕೆ ಕೂಗಿದಳು.

"ಏನಿಲ್ಲ, ಮಹಾಲಿಂಗಪ್ಪ."

"ಇನ್ನೂ ಬಿಟ್ಟಿಲ್ವಾ ಅವ್ರು ನಿಮ್ಮನ್ನ?" ಎಂದು ಒರೆಸುವ ಬಟ್ಟೆ ತಂದಳು. ನಮ್ಮ ಮನೆಯಲ್ಲಿ ದೆವ್ವಗಳ ವಿಷಯ ಇಷ್ಟೇ ಸರಳವಾಗಿ ಇತ್ಯರ್ಥವಾಗುತ್ತದೆ.

ಮಹಾಲಿಂಗಪ್ಪನವರು ಸಿಕ್ಕಿದ ವರ್ಷ, ಮುಂಗಾರಿನ ಹೊತ್ತಿಗೆ ನಾನು ಗುಬ್ಬಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಕೆಲಸದಿಂದ ನಿವೃತ್ತನಾಗಿ, ತುಮಕೂರಿಗೆ ಬಂದು ನೆಲೆಸಿ, ಪತ್ರಿಕೆಯ ಪದಬಂಧ ತುಂಬುವ ಮೂಲಕ ದೇಶಸೇವೆ ಮಾಡುತ್ತಿದ್ದೆ. ಆಗ ನನ್ನ ಹಳೆಯ ವಿದ್ಯಾರ್ಥಿನಿ ಶ್ರುತಿ ಬಂದಳು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು.

"ಸರ್, ನಮ್ ಜಿಲ್ಲೆ ಜನರ ಕೈಕಾಲು ಎಷ್ಟು ತೂಗುತ್ತೆ ಅಂತ ಯಾರಿಗೂ ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲದೇನೇ ಇಷ್ಟು ದಿವಸ ಓಡಾಡ್ಕೊಂಡಿದಾರಲ್ಲಮ್ಮ."

ಅವಳು ನಗಲಿಲ್ಲ. ವಿಷಯ ಗಂಭೀರವಾದದ್ದೇ. ಕೃತಕ ಕಾಲು ಮಾಡುವವರಿಗೆ ನಿಜವಾದ ಕಾಲಿನ ಆಕಾರ ಗೊತ್ತಿರಬೇಕು, ತೂಕ ಗೊತ್ತಿರಬೇಕು, ಆ ತೂಕ ಕಾಲಿನ ಯಾವ ಭಾಗದಲ್ಲಿ ಎಷ್ಟಿದೆ ಎಂಬುದೂ ಗೊತ್ತಿರಬೇಕು. ಅದಕ್ಕೆ ಅವರು ನೋಡುವ ಪಟ್ಟಿ ಹುಟ್ಟಿದ್ದು ಎಲ್ಲೋ ಶೀತದೇಶಗಳಲ್ಲಿ, ಹಿಂದೊಂದು ಕಾಲದಲ್ಲಿ, ಶವಗಳನ್ನು ಕೀಲುಕೀಲಿಗೆ ಬಿಡಿಸಿ ತಕ್ಕಡಿಗೆ ಹಾಕಿ. ಅಂದರೆ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕಾಲು ಕಳೆದುಕೊಂಡ ನಮ್ಮ ಕಾರ್ಮಿಕ, ಯಾವನೋ ಸತ್ತ ದೊರೆಯ ಕಾಲಿನ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ.

"ಹಾಗಾದ್ರೆ ನಮ್ಮೋರನ್ನೂ ಬಿಡಿಸಿ ತೂಗೋದಾ?"

"ಬೇಡ ಸರ್. ನಿಲ್ಸಿ ನೋಡಿದ್ರೆ ಸಾಕು."

ನೋಡುವ ಯಂತ್ರ ಅವಳ ಬಳಿ ಇತ್ತು. ಮನುಷ್ಯನನ್ನು ಕೈಕಾಲು ಸ್ವಲ್ಪ ಅಗಲಿಸಿ ನಿಲ್ಲಿಸಬೇಕು. ಯಂತ್ರವನ್ನು ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಬರಬೇಕು. ಅದರ ಬೆಳಕು ಮೈಯ ಒಂದೊಂದು ಉಬ್ಬುತಗ್ಗನ್ನೂ ತಡವಿಕೊಂಡು ಹೋಗುತ್ತದೆ. ಕಂಪ್ಯೂಟರಿನಲ್ಲಿ ಅದೇ ಮನುಷ್ಯ ಬೂದಿಬಣ್ಣದಲ್ಲಿ ಎದ್ದು ನಿಲ್ಲುತ್ತಾನೆ. ಆಮೇಲೆ ಅವನನ್ನು ತೊಡೆ, ಮೀನಖಂಡ, ಪಾದ ಎಂದು ಪರದೆಯ ಮೇಲೆಯೇ ತುಂಡು ಮಾಡಿ, ಒಂದೊಂದು ತುಂಡಿನ ಗಾತ್ರವನ್ನು ಮಾಂಸ ಮೂಳೆಗಳ ಸಾಂದ್ರತೆಯಿಂದ ಗುಣಿಸಿದರೆ ತೂಕ ಬರುತ್ತದೆ. ಅನುಮಾನ ಬಂದರೆ ಒಂದು ಎತ್ತರದ ಡ್ರಮ್ಮಿನ ತುಂಬ ನೀರು ತುಂಬಿ, ಕಾಲು ಇಳಿಸಲು ಹೇಳಿ, ಚೆಲ್ಲಿದ ನೀರನ್ನು ಅಳೆದು ತಾಳೆ ನೋಡುವುದು. ಕಾಲನ್ನು ಕೀಳದೆ ಕಾಲಿನ ತೂಕ ತಿಳಿಯುವ ಈ ವಿದ್ಯೆ ನನಗೆ ಮೆಚ್ಚುಗೆಯಾಯಿತು.

ನನಗೆ ವಹಿಸಿದ ಜವಾಬ್ದಾರಿ ಇನ್ನೂ ಘನವಾದದ್ದು. ತುಮಕೂರು ಜಿಲ್ಲೆಯ ಮರ್ಯಾದಸ್ಥ ಗಂಡಸರನ್ನು ಬಿಗಿಯಾದ ಕಪ್ಪು ಚಡ್ಡಿ ಹಾಕಿಕೊಳ್ಳಲು ಒಪ್ಪಿಸುವುದು. (ಹೆಂಗಸರ ಶಿಬಿರಕ್ಕೆ ಬೇರೆ ದಿನ, ಬೇರೆ ಏರ್ಪಾಡು ಇತ್ತು, ಅಲ್ಲಿಗೆ ನನ್ನನ್ನು ಯಾರೂ ಕರೆಯಲಿಲ್ಲ.) ಗುಬ್ಬಿಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡು ಈಗ ದಿನಸಿ ಅಂಗಡಿ ಇಟ್ಟಿದ್ದವನೊಬ್ಬ ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮೇಷ್ಟ್ರೇ, ಫಿಸಿಕ್ಸಲ್ಲಿ ಫೇಲ್ ಆಗಿದ್ದಕ್ಕೆ ಇಷ್ಟು ವರ್ಷ ಆದ್ಮೇಲೆ ಹಿಂಗಾ ಸೇಡು ತೀರ್ಸ್ಕೊಳ್ಳೋದು?" ಎಂದ. ಆದರೂ ಹಾಕಿಕೊಂಡ. ಗುರುಭಕ್ತಿ ಇನ್ನೂ ಸತ್ತಿಲ್ಲ.

ಗುಟ್ಟು ಕಾಪಾಡುವುದಕ್ಕೆಂದು ಮುಖಗಳನ್ನು ಶ್ರುತಿ ಅಳಿಸುತ್ತಿದ್ದಳು. ತಲೆಗೆ ಟೋಪಿ ಬಿಗಿದಿರುತ್ತಿತ್ತು. ಹೀಗಾಗಿ ಪರದೆಯ ಮೇಲೆ ಎಲ್ಲರೂ ಕಣ್ಣಿಲ್ಲದ, ಬಾಯಿಲ್ಲದ ಬೂದುಮನುಷ್ಯರು. ಕೈ ಸ್ವಲ್ಪ ಎತ್ತಿ, ಕಾಲು ಅಗಲಿಸಿ, ಪೊಲೀಸರು ತಪಾಸಣೆಗೆಂದು ನಿಲ್ಲಿಸಿ ಮರೆತು ಊಟಕ್ಕೆ ಹೋದ ಹಾಗೆ ಸಾಲಾಗಿ ನಿಂತಿರುತ್ತಿದ್ದರು. ಸಂಜೆ ಯಂತ್ರ ಆರಿಸುವಾಗ ನನಗೆ ಅವರನ್ನೆಲ್ಲ ನಿಂತಲ್ಲೇ ಬಿಟ್ಟುಹೋಗುವ ಸಂಕೋಚವಾಗುತ್ತಿತ್ತು. ಕೆಲವು ದಿನಗಳಲ್ಲಿ ಕಣ್ಣು ಕೆಟ್ಟಿತು. ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವವರೂ ನನಗೆ ತುಂಡುತುಂಡಾಗಿ ಕಾಣತೊಡಗಿದರು: ಇದೊಂದು ಮುಂದೋಳು, ಇದೊಂದು ಮೀನಖಂಡ, ಇವೆರಡನ್ನೂ ಹೊತ್ತು ನಡೆಯುವ ಒಂದು ಮುಂಡ.

ಕುಣಿಗಲ್ಲಿನ ಶಿಬಿರ ನಡೆದದ್ದು ಒಂದು ಸಮುದಾಯ ಭವನದಲ್ಲಿ. ಹೊರಗೆ ಜಡಿಮಳೆ. ಮಹಾಲಿಂಗಪ್ಪನವರು ಬಂದದ್ದು ಅಲ್ಲಿಗೆ, ಕೊತ್ತಗೆರೆಯಿಂದ, ಕೊಡೆ ಮಡಿಸುತ್ತ. ಅರವತ್ತು ದಾಟಿದ ಎತ್ತರದ ಆಳು, ಹಣೆ ತುಂಬ ವಿಭೂತಿ, ಎದೆಯ ಮೇಲೆ ದಾರದಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ಚಡ್ಡಿಗೆ ತಕರಾರಿಲ್ಲ. ಆದರೆ ಎದೆಯ ಮೇಲಿನದನ್ನು ತೆಗೆದಿಡಬಹುದೇ ಎಂದು ಶ್ರುತಿ ಕೇಳಿದ್ದಕ್ಕೆ ಆಗದೆಂದು ತಲೆಯಾಡಿಸಿದರು.

"ಇದು ಒಡವೆ ಅಲ್ಲ ಕಣವ್ವ, ನನ್ ಮೈಯೇ. ಇದನ್ನೂ ಸೇರ್ಸಿ ಅಳಿ."

ಸೇರಿಸಿ ಅಳೆದಳು. ಪರದೆಯ ಮೇಲೆ ಅವರ ಬೂದುರೂಪಕ್ಕೆ ಎದೆಯಲ್ಲೊಂದು ಮೊಟ್ಟೆಯಷ್ಟು ಉಬ್ಬು ಬಂತು. ಅವರು ಬಗ್ಗಿ ತಮ್ಮನ್ನೇ ನೋಡಿಕೊಂಡರು.

"ಕಡೀದಂಗೆ ತೂಗ್ತೀರಾ? ಹಂಗಾರೆ ನನ್ ತಲೆ ಎಷ್ಟು ತೂಗ್ತದೆ ನೋಡೇಳವ್ವ. ನಮ್ಮನೇವ್ಳು ಒಳಗೇನೂ ಇಲ್ಲ ಅಂತಾಳೆ, ದಿಟವಾ ನೋಡಾನ."

ಲೆಕ್ಕ ಬರಲು ಕೆಲವು ದಿನ ಹಿಡಿಯುತ್ತದೆ ಎಂದಾಗ ನನ್ನ ಫೋನ್ ನಂಬರ್ ಬರೆಸಿಕೊಂಡು ಹೋದರು. ಊರಲ್ಲಿ ಅವರ ಇನ್ನೊಂದು ಕೆಲಸ ಏನೆಂದು ಅವತ್ತೇ ಹೇಳಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಬಿದಿರಿನ ವಿಮಾನದಲ್ಲಿ ಕೂರಿಸಿಯೇ ಹೊತ್ತು, ಗುಂಡಿಯಲ್ಲೂ ಕೂರಿಸಿಯೇ ಮುಚ್ಚುತ್ತಾರೆ. ಜೀವ ಹೋದ ಮೈ ಸೆಟೆದುಕೊಳ್ಳುವ ಮುಂಚೆ ಕಾಲು ಮಡಿಸಿ, ಗೋಡೆಗೆ ಒರಗಿಸಿ, ಬಟ್ಟೆ ಬಿಗಿದು ಕೂರಿಸುವವನೊಬ್ಬ ಬೇಕು. ಕೊತ್ತಗೆರೆಯಲ್ಲಿ ಆ ಒಬ್ಬ ಇವರು.

ಆಷಾಢದಲ್ಲಿ ಅವರ ಬಲಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆ ಇತ್ತು. ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಪಾದ ಕಪ್ಪಾಗಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಬಲಗಾಲನ್ನು ಅರ್ಧ ತೊಡೆಗೆ ತೆಗೆದರು. ಅವರ ಹೆಂಡತಿ ಗೌರಮ್ಮನವರು ಫೋನ್ ಮಾಡಿ, "ನಿಮ್ಮನ್ನ ನೋಡ್ಬೇಕಂತೆ, ಒಂದಪ ಬನ್ನಿ," ಎಂದರು.

ವಾರ್ಡಿನಲ್ಲಿ ಅವರು ದಿಂಬಿಗೆ ಒರಗಿದ್ದರು. ಹೊದಿಕೆ ಎಡಗಡೆ ಕಾಲಿನುದ್ದಕ್ಕೂ ಉಬ್ಬಿತ್ತು. ಬಲಗಡೆ ಅರ್ಧದಲ್ಲೇ ನೆಲ ಕುಸಿದ ಹಾಗೆ ಇಳಿದಿತ್ತು.

"ಬನ್ನಿ ಮೇಷ್ಟ್ರೇ. ನಿಮ್ ಲೆಕ್ಕದಾಗೆ ನಾನೀಗ ಎಷ್ಟು ಕಮ್ಮಿ ಆದೆ?"

ನನಗೆ ಉತ್ತರ ಗೊತ್ತಿತ್ತು, ಹೇಳದೆ ಸ್ಟೂಲು ಎಳೆದುಕೊಂಡು ಕೂತೆ. ಹೋದದ್ದು ಸುಮಾರು ಆರು ಕಿಲೋ.

"ಹೆಬ್ಬೆಟ್ಟು ಕಡೀತಾ ಅದೆ," ಎಂದರು. "ಬಲಗಾಲ್ದು. ಕೆರ್ಯಕ್ಕೆ ಹೋದ್ರೆ ಹಾಸಿಗೆ ಸಿಕ್ತದೆ. ಡಾಕ್ಟ್ರು ಅದೆಲ್ಲ ಭ್ರಮೆ ಅಂದ್ರು. ಭ್ರಮೆ ಆದ್ರೆ ಕಡಿಯದ್ಯಾಕೆ? ಕಾಲು ಎಲ್ಲೋ ಐತೆ ಮೇಷ್ಟ್ರೇ. ಆಸ್ಪತ್ರೇರು ಸುಟ್ಟುಬುಟ್ರಂತೆ. ಅದು ನಿಮ್ ಡಬ್ಬೀಲಿ ಐತಲ್ಲ?"

"ಐತೆ," ಎಂದೆ.

ಆಮೇಲೆ ಅವರು ತಮ್ಮ ಊರಿನ ಬಸಪ್ಪನೆಂಬವನ ಕಥೆ ಹೇಳಿದರು. ಲಾರಿಗೆ ಸಿಕ್ಕಿ ಕಾಲು ಹೋಗಿದ್ದವನು, ಆಮೇಲೆ ಕೆಲವು ವರ್ಷಕ್ಕೆ ಸತ್ತ. ಇವರೇ ಕೂರಿಸಿದ್ದು. ಒಂದು ಕಡೆ ತೊಡೆಯ ಆಸರೆ ಇಲ್ಲದೆ ಮೈ ವಾಲುತ್ತಿತ್ತು. ಹುಲ್ಲಿನ ಸಿಂಬಿ ಕಟ್ಟಿ ಇಟ್ಟರೂ, ವಿಮಾನ ಎತ್ತಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಿಂಬಿ ಕುಸಿದು ಮತ್ತೆ ವಾಲಿತು. ಬೀದಿಯಲ್ಲಿ ಯಾರೋ ಮುಸಿಮುಸಿ ನಕ್ಕರು.

"ಹುಟ್ದಾಗಿಂದ ಒಂದು ತೊಟ್ಟು ಕುಡ್ದವನಲ್ಲ ಬಸಪ್ಪ. ಹೋಗಾಗ ಕುಡುಕನಂಗೆ ವಾಲ್ಕೊಂಡು ಹೋದ. ಊರೋರಿಗೆ ಅವನ ಬಾಳು ನೆಪ್ಪಿಲ್ಲ, ವಾಲಿದ್ದು ನೆಪ್ಪೈತೆ." ಹೊದಿಕೆಯ ಕುಸಿದ ಭಾಗವನ್ನು ತಟ್ಟಿದರು. "ನಡಿಯಕ್ಕೆ ಕಾಲು ಬ್ಯಾಡ ನಂಗೆ. ಇನ್ನೆಲ್ಲಿಗೆ ನಡೀಲಿ? ಕೂರಕ್ಕೆ ಒಂದು ಕಾಲು ಮಾಡ್ಸಿಕೊಡಿ. ನೆಟ್ಟಗೆ ಕೂರ್ಬೇಕು, ಅಷ್ಟೇಯ."

"ಸುಮ್ಕಿರ್ರಿ, ಈಗ್ಲೇ ಯಾಕದು," ಎಂದು ಗೌರಮ್ಮ ಮುಖ ತಿರುಗಿಸಿದರು.

"ಆಮ್ಯಾಕೆ ನಾನು ಕೇಳಕ್ಕಾಯ್ತದೇನೆ ಗೌರಿ?"

ವಿಷಯ ಯೋಜನೆಯ ಸಭೆಯ ಮುಂದೆ ಬಂತು. ಯೋಜನೆಯ ಮುಖ್ಯಸ್ಥರು ಕನ್ನಡಕ ಒರೆಸಿ, ನಮ್ಮ ಅಧ್ಯಯನ ಜೀವಂತ ಮನುಷ್ಯರ ಚಲನೆಗೆ ಸಂಬಂಧಿಸಿದ್ದು, ಮೃತರ ಆಸನ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಪಿತ್ತರು. ಕೂತ ವಸ್ತು ಬೀಳದಿರುವ ನಿಯಮ ಪ್ರಥಮ ಪಿಯುಸಿಯ ಪಠ್ಯದಲ್ಲೇ ಇದೆ, ಅದು ಸತ್ತವರಿಗೆ ಬೇರೆ ಎಂದು ಎಲ್ಲೂ ಬರೆದಿಲ್ಲ ಎಂದು ನಾನು ವಿನಯದಿಂದ ತಿಳಿಸಿದೆ. ಟೀ ಬಂತು. ವಿಷಯವನ್ನು ಮುಂದೂಡಲಾಯಿತು. ಹೊರಗೆ ಬಂದಮೇಲೆ ಶ್ರುತಿ, "ಭಾನುವಾರ ಸ್ಕ್ಯಾನರ್ ಯಾರೂ ಬಳಸಲ್ಲ ಸರ್. ನಾನೇ ಕೇಳಿ ಮನೆಗೆ ತಗೊಂಡ್ಹೋಗ್ತೀನಿ. ಮನೆ ಕೊತ್ತಗೆರೆ ಕಡೆ ಅಂತ ಅಂದ್ಕೊಳ್ಳಿ," ಎಂದಳು.

ಹೋಗಲೇಬೇಕಿತ್ತು. ನಮ್ಮ ಬಳಿ ಇದ್ದದ್ದು ನಿಂತ ಕಾಲು. ಅದರಿಂದ ತೂಕ ಸಿಗುತ್ತಿತ್ತು. ಆದರೆ ಮಡಿಸಿದ ಕಾಲಿನ ಆಕಾರವೇ ಬೇರೆ. ಮೀನಖಂಡ ತೊಡೆಗೆ ಒತ್ತಿ ಚಪ್ಪಟೆಯಾಗುತ್ತದೆ, ಮಂಡಿ ಹರಡಿಕೊಳ್ಳುತ್ತದೆ. ಉಳಿದಿದ್ದ ಎಡಗಾಲನ್ನು ಮಡಿಸಿ ಕೂರಿಸಿ ಅಳೆದು, ಕನ್ನಡಿಯಲ್ಲಿ ಕಂಡಂತೆ ತಿರುವಿ, ಬಲಗಾಲು ಮಾಡುವುದು ಶ್ರುತಿಯ ಉಪಾಯ.

ಶ್ರಾವಣದ ಬಿಸಿಲು ಮಳೆ ಎರಡೂ ಒಟ್ಟಿಗೆ ಇದ್ದ ದಿನ. ನಡುಮನೆಯಲ್ಲಿ ಚಾಪೆ ಹಾಸಿತ್ತು. ಮಹಾಲಿಂಗಪ್ಪನವರು ಎಡಗಾಲು ಮಡಿಸಿ ಕೂತರು, ಕೂತ ತಕ್ಷಣ ಬಲಕ್ಕೆ ವಾಲಿದರು. ಗೋಡೆಗೆ ಒರಗಿದರೆ ಯಂತ್ರಕ್ಕೆ ಹಿಂದೆ ಸುತ್ತಲು ಜಾಗವಿಲ್ಲ. ನಾನು ಹಿಡಿದುಕೊಂಡರೆ ನನ್ನ ಕೈಯೂ ಅಳತೆಗೆ ಸೇರುತ್ತದೆ. ಕೊನೆಗೆ ಗೌರಮ್ಮ ಸೆರಗು ಸಿಕ್ಕಿಸಿಕೊಂಡು, ಕಾಲಿನ ಅಳತೆಗೆ ಅಡ್ಡಬಾರದ ಹಾಗೆ ಅವರ ಬೆನ್ನಿಗೆ ಬೆನ್ನು ಕೊಟ್ಟು, ಗಟ್ಟಿಯಾಗಿ ಕೂತರು.

"ನೋಡಿ ಮೇಷ್ಟ್ರೇ, ಮದ್ವೆ ಆಗಿ ಇಷ್ಟು ವರ್ಸಕ್ಕೆ ಇವ್ಳು ಬೆನ್ನು ತಿರುಗ್ಸಿದ್ದು ಇವತ್ತು ಪ್ರಯೋಜನಕ್ಕೆ ಬಂತು."

"ಮಾತಾಡ್ಬ್ಯಾಡಿ. ಅಲ್ಲಾಡ್ತೀರಿ."

ಅವರು ಕಣ್ಣು ಮುಚ್ಚಿ ಪೂಜೆಗೆ ಕೂತಂತೆ ಕೂತರು. ಶ್ರುತಿ ಯಂತ್ರ ಹಿಡಿದು ಎಡಗಡೆಯಿಂದ ಸುತ್ತುತ್ತ ಬಂದಳು. ಬೆಳಕು ಮಂಡಿಯ ಮೇಲೆ ಹರಿಯಿತು, ಪಾದದ ಮೇಲೆ ಹರಿಯಿತು. ನಿಲ್ಲಿಸಬೇಕಾದ ಕಡೆ ಕೈ ತಡೆಯದೆ ಸ್ವಲ್ಪ ಮುಂದೆ ಹೋಗಿ, ಬಲಗಡೆಯ ಬರಿ ಚಾಪೆಯ ಮೇಲೂ ಬೆಳಕು ಬಿತ್ತು.

"ಅಲ್ಲಿ ತಣ್ಣಗಾಯ್ತು," ಎಂದರು ಮಹಾಲಿಂಗಪ್ಪ.

ಶ್ರುತಿ ಯಂತ್ರವನ್ನು ಹಿಂದಕ್ಕೆ ಎಳೆದುಕೊಂಡಳು.

ಕುಣಿಗಲ್ ಬಸ್ ನಿಲ್ದಾಣದವರೆಗೆ ಅವಳು ಯಂತ್ರದ ಚೀಲವನ್ನು ತಬ್ಬಿಕೊಂಡೇ ಬಂದಳು. ಬಸ್ಸು ಬಂದಮೇಲೆ, "ಸರ್, ಅವ್ರು ಕಣ್ಣು ಮುಚ್ಚಿದ್ರು ಅಲ್ವಾ?" ಎಂದಳು.

"ಮುಚ್ಚಿದ್ರು."

"ಆ ಬೆಳಕಿಗೆ ಶಾಖಾನೂ ಇಲ್ಲ, ತಂಪೂ ಇಲ್ಲ ಸರ್."

ನಾನು ನಿವೃತ್ತ ಎಂಬುದನ್ನು ಅವಳಿಗೆ ನೆನಪಿಸಿದೆ.

ಕಾಲು ಮಾಡಿದ್ದು ಅನ್ವರ್. ಅಂತರಸನಹಳ್ಳಿಯಲ್ಲಿ ಕೃತಕ ಕೈಕಾಲಿನ ಸಣ್ಣ ಕಾರ್ಯಾಗಾರ ಅವನದು. ಗೋಡೆಯುದ್ದಕ್ಕೂ ಕಾಲುಗಳು ನೇತಾಡುತ್ತಿದ್ದವು, ನೆಲದ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಧೂಳು. ಅಚ್ಚಿಗೆ ಸುರಿದ ಪ್ಲಾಸ್ಟರ್ ಒಣಗುವಾಗ ಬರುತ್ತಿದ್ದ ವಾಸನೆಯೇ ನಾನು ಮೊದಲು ಹೇಳಿದ್ದು. ಒಳಗೆ ಟೊಳ್ಳು ಬಿಟ್ಟು, ಶ್ರುತಿ ಗುರುತು ಹಾಕಿದ ಜಾಗದಲ್ಲಿ ಕಬ್ಬಿಣದ ತುಂಡು ಕೂರಿಸಿ, ಹೋದ ಕಾಲಿನ ತೂಕಕ್ಕೆ ಸರಿಯಾಗಿ ತಂದ. ಮಡಿಸಿದ ಕಾಲು, ಬೆರಳುಗಳ ಸಮೇತ. ಸಿದ್ಧವಾದದ್ದನ್ನು ಮೂವರೂ ಕೊತ್ತಗೆರೆಗೆ ಒಯ್ದೆವು. ಚಾಪೆಯ ಮೇಲೆ ಜೋಡಿಸಲು ಹೋದರೆ ಕೂರುತ್ತಿಲ್ಲ. ಹೀಗಿಟ್ಟರೆ ಪಾದ ಹೊರಕ್ಕೆ, ಹಾಗಿಟ್ಟರೆ ಮಂಡಿ ಒಳಕ್ಕೆ.

ಮಹಾಲಿಂಗಪ್ಪನವರು ಹೆಬ್ಬೆರಳನ್ನು ಮುಟ್ಟಿ ನೋಡಿದರು. "ಇದು ಎಡಗಾಲು ಕಣಪ್ಪ."

ಅನ್ವರ್ ಶ್ರುತಿಯ ಮುಖ ನೋಡಿದ. "ಮೇಡಮ್, ನಾನು ಮಿರರ್ ಮಾಡಿದೀನಿ."

"ನಾನು ಮಾಡೇ ಕಳ್ಸಿದ್ದೆ!"

ಅನ್ವರನ ಕಸುಬಿನಲ್ಲಿ ಯಾರೇ ಬರಲಿ, ಇರುವ ಕಾಲು ನೋಡಿ ಇಲ್ಲದ ಕಾಲು ಮಾಡುವುದು. ಕೈಗೆ ಬಂದದ್ದನ್ನು ತಿರುವುವುದು ಅವನಿಗೆ ಉಸಿರಾಟದಷ್ಟೇ ಅಭ್ಯಾಸ. ಶ್ರುತಿ ತಿರುವಿದ್ದನ್ನು ಅವನು ಮತ್ತೆ ತಿರುವಿದ್ದ. ಇಬ್ಬರೂ ತಂತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿದ ಫಲವಾಗಿ ಮಹಾಲಿಂಗಪ್ಪನವರಿಗೆ ಎರಡು ಎಡಗಾಲು ಪ್ರಾಪ್ತವಾಗಿತ್ತು.

"ಮದ್ವೆ ಮನೇಲಿ ಚಪ್ಲಿ ಬಿಟ್ಟು ಬಂದ್ರೆ ಹಿಂಗೇಯ," ಎಂದು ಅವರು ನಗತೊಡಗಿದರು. ನಕ್ಕು ನಕ್ಕು ಬಲಕ್ಕೆ ವಾಲಿ ಬಿದ್ದರು. ಎತ್ತಿ ಕೂರಿಸಿದಾಗ ಕಣ್ಣಲ್ಲಿ ನೀರಿತ್ತು. "ಇನ್ನೊಂದು ಮಾಡು ಅನ್ವರಣ್ಣ. ಬೇಗ ಮಾಡು ಕಣಪ್ಪ," ಎಂದರು. ಆ ಎರಡನೆಯ ಮಾತಿನಲ್ಲಿ ನಗು ಇರಲಿಲ್ಲ. ಉಳಿದ ಕಾಲಿನ ಬೆರಳುಗಳಲ್ಲೂ ಕಪ್ಪು ಕಾಣಿಸಿಕೊಂಡಿತ್ತು. ಅದನ್ನು ಅವರು ಬಟ್ಟೆ ಮುಚ್ಚಿ ಕೂತಿದ್ದರು, ಗೌರಮ್ಮನಿಂದಲೂ.

ಇನ್ನೊಂದು ಕಾಲು ಒಣಗುವುದು ತಡವಾಯಿತು. ಆ ವರ್ಷ ಹಿಂಗಾರು ಬಿಡಲಿಲ್ಲ, ಗಾಳಿಯಲ್ಲೇ ನೀರಿತ್ತು. ಅನ್ವರ್ ಬಲ್ಬು ಹಚ್ಚಿಟ್ಟು ಕಾಯಿಸಿದ. ಎಡಗಾಲನ್ನೂ ತೆಗೆಯಬೇಕು ಎಂದ ಡಾಕ್ಟರಿಗೆ ಮಹಾಲಿಂಗಪ್ಪನವರು ಕೈಮುಗಿದು ಮನೆಗೆ ಬಂದುಬಿಟ್ಟಿದ್ದರು. ನನಗೆ ಫೋನಿನಲ್ಲಿ ಹೇಳಿದ್ದಿಷ್ಟು: "ಈ ಕಾಲೂ ಕೊಟ್ರೆ ಆ ಕಾಲು ಯಾತರ ಜೊತೆ ಕೂರ್ತದೆ?" ಆಪರೇಷನ್ ಮಾಡಿಸಿ ಎಂದು ಹೇಳಿದೆ, ಗೌರಮ್ಮ ಹೇಳಿದರು, ಶ್ರುತಿ ಅತ್ತುಕೊಂಡು ಹೇಳಿದಳು. ಅವರು ಎಲ್ಲರ ಮಾತಿಗೂ ಹೂಂಗುಟ್ಟಿ, ಹಾಗೇ ಉಳಿದರು.

ಕಾರ್ತೀಕದ ಒಂದು ಬೆಳಿಗ್ಗೆ ಗೌರಮ್ಮನವರ ಫೋನ್ ಬಂತು. ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದು ತುಮಕೂರಿನಲ್ಲಿ ಸೋನೆ ಹಿಡಿದಿತ್ತು.

"ಹೋದ್ರು ಮೇಷ್ಟ್ರೇ." ಉಸಿರು ಎಳೆದುಕೊಂಡರು. "ಕಾಲು ಬೇಗ ತತ್ತೀರಾ? ಮೈ ಬಿಗಿಯಕ್ಕೆ ಮುಂಚೆ."

ಅಂತರಸನಹಳ್ಳಿಗೆ ಓಡಿದೆ. ಅನ್ವರ್ ಕಾಲಿಗೆ ಕೊನೆಯ ಸಲ ಉಪ್ಪುಕಾಗದ ಹಾಕುತ್ತಿದ್ದ. ಬೆಡ್‌ಶೀಟಿನಲ್ಲಿ ಸುತ್ತಿದ. ಮಳೆಗೆ ಪ್ಲಾಸ್ಟರ್ ಕರಗೀತೆಂದು ಮೇಲೆ ಪ್ಲಾಸ್ಟಿಕ್ಕು. ಅವನ ಸ್ಕೂಟರಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಮಹಾಲಿಂಗಪ್ಪನವರ ಬಲಗಾಲು. ಕುಣಿಗಲ್ ರಸ್ತೆಯುದ್ದಕ್ಕೂ ಅದನ್ನು ತಬ್ಬಿ ಹಿಡಿದಿದ್ದೆ. ಗುಂಡಿ ಬಂದಾಗೆಲ್ಲ ಅದು ನನ್ನ ತೊಡೆಯನ್ನು ಅದುಮುತ್ತಿತ್ತು. ಭಾರ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಬಸ್ಸಿನಲ್ಲಿ ನಿದ್ದೆ ಹೋದ ಪಕ್ಕದವರ ಕಾಲು ನಮ್ಮ ಮೇಲೆ ಬಿದ್ದಾಗ ಎಷ್ಟು ತೂಗುತ್ತದೋ ಅಷ್ಟೇ. ಆ ಇಡೀ ಋತು ನಾವು ಹಾಕಿದ ಗುಣಾಕಾರ ಭಾಗಾಕಾರವೆಲ್ಲ ಸರಿಯಿದೆಯೆಂದು ನನಗೆ ಆಗ ಗೊತ್ತಾಯಿತು. ಹಾಗೆ ಗೊತ್ತಾಗುವುದು ಬೇಕಿರಲಿಲ್ಲ. ಒಂದು ಕಡೆ ಅನ್ವರ್ ಗಾಡಿ ನಿಲ್ಲಿಸಿ ತಿರುಗಿ ನೋಡಿ, "ಸರ್, ಯಾರ ಜೊತೆ ಮಾತಾಡ್ತಿದೀರ?" ಎಂದ.

ಕೊತ್ತಗೆರೆಯಲ್ಲಿ ಇಳಿಯಲು ಹೋದರೆ ನನ್ನ ಕಾಲು ಜೋಮು ಹಿಡಿದು ನನಗೇ ಸಿಗಲಿಲ್ಲ. ತೊಡೆಯ ಮೇಲಿದ್ದ ಕಾಲು ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿತ್ತು. ಅನ್ವರ್ ಅದನ್ನು ಎತ್ತಿಕೊಳ್ಳುವಾಗ, ನನ್ನದನ್ನೇ ಒಯ್ಯುತ್ತಿದ್ದಾನೆ ಎನ್ನಿಸಿ ಒಂದು ಗಳಿಗೆ ಬಿಡದೆ ಹಿಡಿದುಕೊಂಡೆ.

ಒಳಗೆ ಬೇರೆ ತೊಡಕು ಕಾದಿತ್ತು. ಕ್ರಿಯೆ ಮಾಡಿಸಲು ಬಂದಿದ್ದ ವಯಸ್ಸಾದ ಅಯ್ಯನವರು ಬೆಡ್‌ಶೀಟ್ ಬಿಚ್ಚಿದ್ದನ್ನು ನೋಡಿ ಹಿಂದೆ ಸರಿದರು.

"ಇದೇನಿದು ಗೊಂಬೆ ಕಾಲು? ಜೀವ ಇದ್ದ ಮೈ ಜೊತೆ ಜೀವ ಇಲ್ದಿದ್ದನ್ನ ಕೂರ್ಸಂಗಿಲ್ಲ. ಶಿವ ಕೊಟ್ಟ ಹಂಗೆ ಕಳಿಸ್ಬೇಕು."

ಮಹಾಲಿಂಗಪ್ಪನವರು ಗೋಡೆಗೆ ಒರಗಿದ್ದರು. ಎಡಗಾಲು ಮಡಿಸಿತ್ತು. ಹಣೆಗೆ ಬಟ್ಟೆ ಬಿಗಿದು ಮೇಲಿನ ಗೂಟಕ್ಕೆ ಕಟ್ಟಿದ್ದರೂ ಸೊಂಟದಿಂದ ಮೈ ಬಲಕ್ಕೆ ಜಾರುತ್ತಿತ್ತು. ಊರಿನಲ್ಲಿ ಕೂರಿಸಲು ಗೊತ್ತಿದ್ದ ಮನುಷ್ಯನೇ ಕೂತಿದ್ದರಿಂದ ಉಳಿದವರಿಗೆ ಕೈ ಓಡುತ್ತಿರಲಿಲ್ಲ. ಯಾರೋ ಹುಲ್ಲು ತರಲೇ ಎಂದರು.

ಗೌರಮ್ಮ ಎದ್ದರು. "ಬುದ್ಧೀ, ನಿಮ್ದು ಹಲ್ಲು ಕಟ್ಸಿದ್ದಲ್ವಾ?"

ಅಯ್ಯನವರ ಕೈ ತಾನಾಗಿ ಬಾಯಿಗೆ ಹೋಯಿತು.

"ನಾಳೆ ನಿಮ್ಮನ್ನ ಕೂರ್ಸುವಾಗ ಹಲ್ಲು ತೆಗ್ದು ಕೂರ್ಸ್ತಾರಾ? ಪಟೇಲ್ರನ್ನ ಹಲ್ಲಿನ ಸಮೇತ ಕೂರ್ಸಿದ್ದು ಇವ್ರೇಯ. ನೀವೇ ಇದ್ರಿ ಪಕ್ಕದಾಗೆ." ಗೋಡೆಗೆ ಒರಗಿದ್ದ ಗಂಡನ ಕಡೆ ಕೈ ತೋರಿಸಿದರು. "ಊರಿನೋರನ್ನೆಲ್ಲ ನೆಟ್ಟಗೆ ಕೂರ್ಸಿದ್ರು ಬುದ್ಧೀ. ಅವ್ರನ್ನ ಒಂದಪ ಕೂರ್ಸಿ."

ಅಯ್ಯನವರು ಆ ಕಾಲಿನ ಹತ್ತಿರ ಬಂದರು. ಬಗ್ಗಿ ಅದರ ಬೆರಳುಗಳನ್ನು ಮುಟ್ಟಿದರು. ಕೊನೆಗೆ, "ಹಂಗಾರೆ ಅದ್ಕೂ ನೀರು ಹಾಕಿ, ವಿಭೂತಿ ಹಚ್ಚಿ. ಅರ್ಧಂಬರ್ಧ ಬ್ಯಾಡ," ಎಂದರು.

ನೀರು ಬೇಡ, ಕರಗುತ್ತದೆ ಎಂದು ಅನ್ವರ್ ನನ್ನ ಕಿವಿಯಲ್ಲಿ ಉಸುರಿದ. ಒದ್ದೆಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚಿದರು. ಅನ್ವರ್ ಮಂಡಿಯೂರಿ ಕಾಲನ್ನು ಜಾಗಕ್ಕೆ ಸರಿಸಿದ. ಪ್ಲಾಸ್ಟರಿನ ಪಾದ ಎಡಮಂಡಿಯ ಕೆಳಗೆ ಹೋಗಿ ಕೂತಿತು, ಮಂಡಿ ನೆಲ ಮುಟ್ಟಿತು. ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಬಿಟ್ಟರು. ಕೊನೆಗೆ ಗೂಟದ ಬಟ್ಟೆಯನ್ನೂ ಸಡಿಲಿಸಿದರು. ಅವರು ಅಲ್ಲಾಡಲಿಲ್ಲ. ಎದೆಯ ಮೇಲೆ ಕರಡಿಗೆ, ಎಡಗೈ ಮಡಿಲಲ್ಲಿ, ಬೆನ್ನು ನೆಟ್ಟಗೆ. ಬದುಕಿದ್ದ ನಾವೆಲ್ಲ ಒಂದೊಂದು ಕಡೆಗೆ ವಾಲಿ ನಿಂತಿದ್ದೆವು.

ವಿಮಾನ ಎತ್ತಿದಾಗ ಹೊತ್ತವರಲ್ಲಿ ಒಬ್ಬ, "ಏನ್ಲಾ ಇದು, ಕಾಲು ಹೋದೋರು ಅನ್ನಂಗೇ ಇಲ್ಲ, ಪೂರ್ತಿ ಅವ್ರೆ ಕಣ್ಲಾ," ಎಂದ. ಇನ್ನೊಬ್ಬ ಅವನನ್ನು ಗದರಿಸಿದ. ಮಳೆಯಲ್ಲಿ, ಜಾರುವ ಬದುವಿನ ಮೇಲೆ, ಬಿಲ್ವಪತ್ರೆಯ ಮರದ ಕೆಳಗೆ, ಮಹಾಲಿಂಗಪ್ಪನವರು ವಾಲದೆ ಹೋದರು. ಯಾರೂ ನಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಗೌರಮ್ಮ ಒಬ್ಬರೇ ಬಸ್ಸು ಹತ್ತಿ ತುಮಕೂರಿಗೆ ಬಂದರು. ಶ್ರುತಿಗೆ ಅವರೆಕಾಯಿ ತಂದಿದ್ದರು. ಕೊಟ್ಟು, ಪ್ರಯೋಗಾಲಯದ ಕುರ್ಚಿಯ ತುದಿಯಲ್ಲಿ ಕೂತು, "ಅವ್ರು ಇನ್ನೂ ಇದ್ರಾಗೆ ಅವ್ರಂತಲ್ಲ, ತೋರ್ಸವ್ವ," ಎಂದರು.

ಶ್ರುತಿ ನನ್ನನ್ನು ನೋಡಿದಳು. ತೋರಿಸು ಎಂದು ನಾನು ತಲೆಯಾಡಿಸಿದೆ. ಪರದೆಯ ಮೇಲೆ ಬೂದುಮನುಷ್ಯ ಎದ್ದ. ಮುಖವಿಲ್ಲ. ಎದೆಯಲ್ಲೊಂದು ಉಬ್ಬು. ಎರಡೂ ಕಾಲಿನ ಮೇಲೆ, ಕೈ ಸ್ವಲ್ಪ ಎತ್ತಿ, ನಿಂತಿದ್ದರು. ಗೌರಮ್ಮ ಮೊದಲು ಎದೆಯನ್ನು ನೋಡಿದರು, ಆಮೇಲೆ ಬಲಗಾಲನ್ನು. ಬೆರಳು ಪರದೆಯ ಹತ್ತಿರ ಹೋಗಿ ಮುಟ್ಟದೆ ನಿಂತಿತು.

"ಯಾವಾಗ್ಲೂ ಹಿಂಗೇ ನಿಂತಿರ್ತಾರಾ?"

"ಹೌದಮ್ಮ. ಹೀಗೇ ಅಳೆದಿದ್ದು."

"ಜೂನಿಂದಾನೂ?"

"ಹೂಂ."

"ಅಯ್ಯೋ ಶಿವ್ನೇ. ಅಷ್ಟು ಕಷ್ಟಪಟ್ಟು ಅಲ್ಲಿ ಕೂರ್ಸಿ ಬಂದ್ವಿ, ಇಲ್ಲಿ ನಿಂತವ್ರಲ್ಲ! ಇಲ್ಲೂ ಕೂರ್ಸವ್ವ."

ಕೊತ್ತಗೆರೆಯಲ್ಲಿ ಕೂರಿಸಿ ಅಳೆದದ್ದು ಎಡಗಾಲನ್ನು ಮಾತ್ರ, ಇವರನ್ನು ಹಾಗೆಲ್ಲ ಕೂರಿಸಲಾಗದು ಎಂದು ನಾನು ಹೇಳಲು ಬಾಯಿ ತೆರೆದೆ. ಶ್ರುತಿ ಆಗಲೇ ತೊಡೆಯನ್ನು ಹಿಡಿದು ಮೇಲಕ್ಕೆ ತಿರುವಿದ್ದಳು. ಸೊಂಟದ ಹತ್ತಿರ ಬೂದು ಚರ್ಮ ಎಳೆದುಕೊಂಡು, ಮೇಣದ ಕಾಗದದ ಹಾಗೆ ಸೀಳಿತು. ಸೀಳಿನ ಒಳಗೆ ಮಾಂಸವಿಲ್ಲ, ಮೂಳೆಯಿಲ್ಲ, ಏನೂ ಇಲ್ಲ. ಹಿಂದುಗಡೆಯ ಚರ್ಮದ ಒಳಮೈ ಕಾಣುತ್ತಿತ್ತು. ಶ್ರುತಿ ಕೈ ತೆಗೆದು, "ಸಾರಿ ಅಮ್ಮ," ಎಂದು ಅವಸರದಲ್ಲಿ ಮೊದಲಿನಂತೆ ಮಾಡಿದಳು.

"ಒಳಗೇನೂ ಇಲ್ವಾ?" ಗೌರಮ್ಮ ಕೇಳಿದರು.

"ಇಲ್ಲಮ್ಮ. ಮಿಷಿನ್‌ಗೆ ಹೊರಗಿನ್ದು ಮಾತ್ರ ಕಾಣೋದು. ತೂಕ ಎಲ್ಲ ನಾವು ಲೆಕ್ಕ ಹಾಕಿದ್ದು. ಒಳಗೆ ಖಾಲಿ."

ಗೌರಮ್ಮ ಪರದೆಯನ್ನು ನೋಡುತ್ತ ಕೂತರು. ಹೊರಗೆ ಯಾವುದೋ ತರಗತಿ ಬಿಟ್ಟು ಹುಡುಗರ ಗದ್ದಲ ಹಾದುಹೋಯಿತು. ಆ ಗದ್ದಲ ಮುಗಿದಮೇಲೆ ಅವರು ಸೆರಗು ಸರಿಮಾಡಿಕೊಂಡು ಎದ್ದರು.

"ಹಂಗಾರೆ ಬುಡವ್ವ, ನಿಂತಿರ್ಲಿ," ಎಂದರು. "ಒಳಗೇನೂ ಇಲ್ದ ಮ್ಯಾಕೆ ಕಾಲು ನೋಯಲ್ಲ."